ತನಿಯೆ ಕಳಿಕ್ಕುಮೋ?

ಅಕ್ಕನ ಮಗನಿಗೆ ತೆಂಗಿನ ಗೆರಟೆ ಎಂದರೆ ಪ್ರಾಣ. ಅಂಗಳದಲ್ಲಿ ಕೂತು ಒಂದರ ಮೇಲೊಂದು ಇಡುತ್ತಾನೆ, ಬೀಳಿಸುತ್ತಾನೆ, ನಗುತ್ತಾನೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ. ಊಟ ಮಾತ್ರ ಅಕ್ಕನೇ ಕಲಸಿ ಬಾಯಿಗೆ ಇಡಬೇಕು. ತಟ್ಟೆ ಕೈಗೆ ಕೊಟ್ಟರೆ ಅದೂ ಗೆರಟೆಯ ಮೇಲೆಯೇ ಹೋಗಿ ಕೂರುತ್ತದೆ.

ಈ ಗೆರಟೆ ಆಟದಿಂದಲೇ ಅವನ ಪೆನ್ಶನ್ ನಿಂತಿತು. ಹೇಗೆ ಅಂತ ಹೇಳ್ತೇನೆ ಕೇಳಿ.

ಬುದ್ಧಿಮಾಂದ್ಯತೆ ಇರುವ ಮಕ್ಕಳಿಗೆ ಮೊದಲು ಸಿಗುವುದು ತಾತ್ಕಾಲಿಕ ಅಂಗವೈಕಲ್ಯ ಸರ್ಟಿಫಿಕೇಟ್. 18 ತುಂಬಿದ ಮೇಲೆ ಮತ್ತೆ ಮೆಡಿಕಲ್ ಬೋರ್ಡಿಗೆ ಹೋಗಬೇಕು. ಆಗ ಬರೆದ ಅಂಗವೈಕಲ್ಯದ ಪರ್ಸೆಂಟ್ ಜೀವಮಾನಕ್ಕೆ. ಇವನದು ಮೊದಲು 75 ಇತ್ತು. ಕೆಲವು ವರ್ಷದ ಹಿಂದೆ ನಮ್ಮ ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯ ಬೋರ್ಡಿಗೆ ಅಕ್ಕ ಒಬ್ಬಳೇ ಕರೆದುಕೊಂಡು ಹೋಗಿದ್ದಳು. ನನಗೆ ರಜೆ ಸಿಕ್ಕಿರಲಿಲ್ಲ. ಹಿಂತಿರುಗುವಾಗ ಕೈಯಲ್ಲಿದ್ದ ಕಾಗದದಲ್ಲಿ 25. ಪೆನ್ಶನ್‌ಗೆ 40 ಬೇಕು. ಆಗಿನ ಲೆಕ್ಕದಲ್ಲಿ ತಿಂಗಳಿಗೆ 1600 ರೂಪಾಯಿ ಹೋಯಿತು.

75 ಇದ್ದದ್ದು 25 ಹೇಗಾಯ್ತು? ಹುಡುಗ ರಾತ್ರಿ ಬೆಳಗಾಗುವುದರೊಳಗೆ ಬುದ್ಧಿವಂತನಾದನಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ದಿನದ ಹಾಳೆಗಳ ನಕಲು ತರಿಸಿದೆ. ಒಂದು ಪ್ರಶ್ನೆಪಟ್ಟಿ. ಮಗ ಏನೇನು ಮಾಡುತ್ತಾನೆ ಅಂತ ತಾಯಿಯನ್ನು ಕೇಳಿ ಗುರುತು ಹಾಕುತ್ತಾರೆ. ‘ತಾನಾಗಿ ಊಟ ಮಾಡುತ್ತಾನೆ’ ಎಂಬ ಕಡೆ ಹೌದು ಅಂತ ಟಿಕ್.

“ಹೀಗೆ ಯಾಕೆ ಹೇಳಿದೆ ಅಕ್ಕಾ?”

“ಊಟದ ವಿಷಯ ಅವರು ಕೇಳಲೇ ಇಲ್ವಲ್ಲಾ. ತನಿಯೆ ಕಳಿಕ್ಕುಮೋ ಅಂತ ಕೇಳಿದ್ರು. ಹೌದು, ಒಬ್ಬನೇ ಆಡ್ತಾನೆ ಅಂದೆ.”

ನನಗೆ ಎಂತ ಹೇಳಬೇಕು ಅಂತಲೇ ತೋಚಲಿಲ್ಲ. ಮಲಯಾಳದಲ್ಲಿ ಆಡುವುದಕ್ಕೂ ಉಣ್ಣುವುದಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಆಡುವುದಕ್ಕೆ ನಮ್ಮ ‘ಳ’ದಂಥದ್ದು. ಉಣ್ಣುವುದಕ್ಕೆ ‘ೞ’. ಹಳಗನ್ನಡದಲ್ಲಿ ನಮಗೂ ಇದ್ದ ಅಕ್ಷರ ಅದು, ನೂರಾರು ವರ್ಷದ ಹಿಂದೆಯೇ ಕಳಕೊಂಡೆವು. ನಮ್ಮ ಕಡೆಯ ಮಲಯಾಳದಲ್ಲೂ ಅದು ಉಳಿದಿಲ್ಲ. ಇಲ್ಲಿಯವರಿಗೆ ಕೋಳಿ ‘ಕೋಯಿ’, ಮಳೆ ‘ಮಯ’. ಅಕ್ಕನಿಗೆ ಗೊತ್ತಿರುವುದು ಪೇಟೆಯ ಮೀನಿನವರ, ಬಸ್ಸಿನವರ ಈ ಮಲಯಾಳ. ತೆಕ್ಕಿನ ಕಡೆಯಿಂದ, ಅಂದರೆ ಕೇರಳದ ದಕ್ಷಿಣದಿಂದ, ಬಂದವರು ಶುದ್ಧವಾಗಿ ಕೇಳಿದರೆ ಅವಳ ಕಿವಿಗೆ ಎರಡೂ ಒಂದೇ.

ಎಲ್ಲ ತಪ್ಪೂ ಆ ಒಂದು ಅಕ್ಷರದ್ದಲ್ಲ, ಹೇಳಬೇಕಾದ್ದು ಹೇಳಬೇಕು. ಅಕ್ಕನದೂ ಒಂದು ಅಭ್ಯಾಸ ಇದೆ. ಯಾರು ಕೇಳಿದರೂ “ಅವನಿಗೆ ಎಲ್ಲ ಗೊತ್ತಾಗ್ತದೆ” ಅನ್ನುತ್ತಾಳೆ. ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ ಹತ್ತೊಂಬತ್ತು ವರ್ಷ ಹಾಗೆ ಹೇಳಿಯೇ ಮಗನ ಮರ್ಯಾದೆ ಕಾಪಾಡಿದವಳು. ಅಪರಿಚಿತರ ಎದುರು ಕೂತು ನನ್ನ ಮಗನಿಗೆ ಅದು ಬರೋದಿಲ್ಲ, ಇದು ಬರೋದಿಲ್ಲ ಅಂತ ಬಾಯಿ ಬಿಟ್ಟು ಹೇಳಿದರೆ ಮಾತ್ರ ಪರ್ಸೆಂಟ್ ಸಿಗುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲ. ಡಾಕ್ಟರನ್ನೂ ಪೂರ್ತಿ ಬೈಯಲಾರೆ, ಹೊರಗೆ ಅಷ್ಟು ಜನ ಕಾಯ್ತಾ ಇದ್ದರಂತೆ. ಆದರೂ ಹಳೆಯ ಸರ್ಟಿಫಿಕೇಟ್ ಮೇಜಿನ ಮೇಲೇ ಇತ್ತು ಮಾರಾಯ್ರೇ. ಒಮ್ಮೆ ನೋಡಿ, ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳಬಹುದಿತ್ತಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಅಪೀಲು ಇದೆ. ಗಡುವು 90 ದಿನ. ನಕಲು ಕೈಗೆ ಬರುವಷ್ಟರಲ್ಲೇ ಒಂದು ತಿಂಗಳು ಮುಗಿದಿತ್ತು. ಎರಡು ಪುಟ ಅಪೀಲು ಕನ್ನಡದಲ್ಲೇ ಬರೆದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿಯ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ ಇದೆ. ಕೌಂಟರಿನಲ್ಲಿ ಇದ್ದವರು ಒಳ್ಳೆಯವರೇ. “ತಗೊಳ್ತೇವೆ ಸರ್, ತಗೊಳ್ಳಲೇಬೇಕು. ಆದರೆ ಒಳಗೆ ಓದುವವರು ಯಾರು?” ಅಂದರು. ಹೊರಗೆ ಬಂದು 300 ರೂಪಾಯಿ ಕೊಟ್ಟು ಮಲಯಾಳಕ್ಕೆ ಮಾಡಿಸಿ, ಎರಡನ್ನೂ ಪಿನ್ ಹಾಕಿ ಕೊಟ್ಟೆ.

ನಮ್ಮ ಜಿಲ್ಲೆಯವರಿಗೆ ಕ್ಯಾಂಪು, ಲಿಸ್ಟು, ಪರ್ಸೆಂಟು ಹೊಸ ಮಾತೇನಲ್ಲ. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಊರುಗಳು ಇವು. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ 5 ಲಕ್ಷ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ನೋಡುವಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಯಾರಿಗೆ ಗೊತ್ತಾ? ಆದೇಶ ಪಾಲಿಸಲಿಲ್ಲ ಅಂತ ಮತ್ತೆ ಕೋರ್ಟಿನ ಬಾಗಿಲು ತಟ್ಟಿದ ಆ 8 ಮಂದಿಗೇ. ಉಳಿದವರ ಮನೆಯಲ್ಲಿ ಕಷ್ಟ ಕಡಿಮೆ ಇತ್ತಾ? ದೆಹಲಿಗೆ ಹೋಗಲು ಅವರ ಕೈಯಲ್ಲಿ ಆಗಲಿಲ್ಲ, ಅಷ್ಟೇ. ಅಪೀಲಿಗೆ ಅವಕಾಶ ಇದೆಯಲ್ಲ ಅಂತ ಯಾರಾದರೂ ಹೇಳುವಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಅಕ್ಕನಿಗೆ ಓಡಾಡುವ ತಮ್ಮ ಇದ್ದ. ಇಲ್ಲದವರು ಆ 25ನ್ನು ಜೀವಮಾನವಿಡೀ ಹೊತ್ತುಕೊಂಡು ಇರಬೇಕು.

ಅಪೀಲಿನ ದಿನ ನಾನೂ ಜೊತೆಗಿದ್ದೆ. ಅದೃಷ್ಟ, ಅಲ್ಲಿದ್ದ ನರ್ಸ್ ಕುಂಬಳೆಯ ಕಡೆಯವರು. ಅಕ್ಕನನ್ನು ಕನ್ನಡದಲ್ಲೇ ಕೇಳಿದರು, “ಉಣ್ಣಿಸುವುದು ಯಾರು? ಸ್ನಾನ? ಬಟ್ಟೆ? ನೀವು ಇಲ್ಲದ ದಿನ ಯಾರು?” ಕೊನೆಯದಕ್ಕೆ ಅಕ್ಕ ಉತ್ತರ ಹೇಳಲೇ ಇಲ್ಲ. ನರ್ಸ್ ಅದನ್ನೂ ಡಾಕ್ಟರಿಗೆ ಮಲಯಾಳದಲ್ಲಿ ಹೇಳಿದರು. 75 ವಾಪಸ್ ಬಂತು. ನಿಂತಿದ್ದ ತಿಂಗಳುಗಳ ಪೆನ್ಶನ್ ಬರಲಿಲ್ಲ.

ಕನ್ನಡ, ತುಳು ಬರುವ ಒಬ್ಬರನ್ನು ಬೋರ್ಡಿನ ದಿನ ಕೂರಿಸಲು ಹೊಸ ಕಾನೂನು ಏನೂ ಬೇಡ. ಒಂದು ಕುರ್ಚಿ ಸಾಕು. ಅಲ್ಲಿವರೆಗೆ ಬೋರ್ಡಿಗೆ ಹೋಗುವವರು ದಯವಿಟ್ಟು ಮಲಯಾಳ ಚೆನ್ನಾಗಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಮಗುವಿಗೆ ಏನೇನು ಮಾಡಲು ಬರುವುದಿಲ್ಲ ಎಂಬುದನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಬರೆಯಿರಿ.

ಮುಂದಿನ ಬುಧವಾರ ನಮ್ಮ ಓಣಿಯ ಒಬ್ಬ ಹುಡುಗಿಯ ಸರದಿ. ಅವಳ ಅಮ್ಮನಿಗೆ ತುಳು ಬಿಟ್ಟರೆ ಬೇರೆ ಬಾರದು. ನಾನು ರಜೆ ಹಾಕಿದ್ದೇನೆ.