ಬಿದ್ದರೆ ನಮ್ಮದಲ್ಲ, ಬೆಳಗಿದರೆ ನಮ್ಮದೇ

ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ ವರ್ಷದಲ್ಲಿ ದಸರಾದ ಹತ್ತು ದಿನ ಮಾತ್ರ ಒಡೆಯರಿರುತ್ತಾರೆ. ನಾನು ಅರಮನೆಯವರ ಬಗ್ಗೆ ಹೇಳುತ್ತಿಲ್ಲ. ನಮ್ಮ ಇಲಾಖೆಗಳ ಬಗ್ಗೆ. ಆ ಹತ್ತು ದಿನ ಪಾಲಿಕೆ, ಲೋಕೋಪಯೋಗಿ, ಕರೆಂಟು ಕೊಡುವ ಸೆಸ್ಕ್, ಪೊಲೀಸು, ಪ್ರವಾಸೋದ್ಯಮ ಎಲ್ಲರೂ ಅಣ್ಣತಮ್ಮಂದಿರು. ಗುಂಡಿ ಮುಚ್ಚುತ್ತಾರೆ, ಫುಟ್‌ಪಾತಿಗೆ ಬಣ್ಣ ಬಳಿಯುತ್ತಾರೆ, ಕಂಬಕ್ಕೆ ಸೀರಿಯಲ್ ಸೆಟ್ ಸುತ್ತುತ್ತಾರೆ. 750 ಕೆಜಿ ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ನಡೆದು ಹೋಗುತ್ತೆ. ಒಂದು ಕಲ್ಲು ಕಾಲಿಗೆ ತಾಗಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡ್ತಾರೆ, ಸುಳ್ಳು ಹೇಳಬಾರದು.

ಹನ್ನೊಂದನೇ ದಿನ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಾರೆ. ಟಾರು ನಿಮ್ಮದು, ಟಾರಿನ ಕೆಳಗಿನ ಪೈಪು ನಮ್ಮದು. ಪೈಪಿನ ಪಕ್ಕದ ಕೇಬಲ್ಲು ಯಾರದ್ದೋ ಗೊತ್ತಿಲ್ಲ. ಇನ್ನು ರಸ್ತೆ ಪಕ್ಕ ನಿಂತಿರೋ ದೇವರಾಜ ಮಾರುಕಟ್ಟೆ, ಅದರ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ? ಅವು ಪರಂಪರೆ. ಪರಂಪರೆ ಅಂದ್ರೆ ನಮ್ಮೆಲ್ಲರ ಆಸ್ತಿ. ನಮ್ಮೆಲ್ಲರ ಆಸ್ತಿ ಅಂದ ಮೇಲೆ ಯಾರ ಜವಾಬ್ದಾರಿಯೂ ಅಲ್ಲ, ಅಲ್ವಾ?

ಹಾಗಂತ ಯಾರೂ ಸುಮ್ನೆ ಕೂತಿಲ್ಲ. ಮಾರುಕಟ್ಟೆಗೆ ಸಮಿತಿ ಮಾಡಿದರು. ಕೆಡವಿ ಅದೇ ಥರ ಹೊಸದು ಕಟ್ಟಿ ಅಂತ ಒಂದು ಕಡೆಯವರು ವರದಿ ಕೊಟ್ಟರು. ಗಾರೆ ಕೆಲಸ ಗೊತ್ತಿರೋರನ್ನು ಕರೆಸಿ ರಿಪೇರಿ ಮಾಡಿದರೆ ಸಾಕು ಅಂತ ಪಾರಂಪರಿಕ ತಜ್ಞರು ಹೇಳಿದರು. ಆಮೇಲೆ ವಿಷಯ ಕೋರ್ಟಿಗೆ ಹೋಯಿತು. ಇಷ್ಟೆಲ್ಲಾ ಆಗುವಾಗ ಒಳಗೆ ಕೂತು ಕುಂಕುಮ, ರಸಬಾಳೆ, ಮಲ್ಲಿಗೆ ಮಾರುವವರ ಮಾತು ಎಷ್ಟು ಸಮಿತಿಗೆ ಕೇಳಿಸಿತೋ ಆ ಚಾಮುಂಡಿಗೇ ಗೊತ್ತು.

ಇಲ್ಲಿ ನಮ್ಮೂರಿನ ವಿಶೇಷ ಇರೋದು. ಮನುಷ್ಯರು ತೀರ್ಮಾನ ತಗೊಳ್ಳದಿದ್ದರೆ ಕಟ್ಟಡವೇ ತಗೊಳ್ಳುತ್ತೆ. 2016ರ ಆಗಸ್ಟ್ 28ರ ಭಾನುವಾರ ಧನ್ವಂತ್ರಿ ರಸ್ತೆ ಕಡೆಯ ಮಾರುಕಟ್ಟೆ ದ್ವಾರ ಬಿತ್ತು. ಆಗ ದುರಸ್ತಿ ನಡೀತಿತ್ತು ಅನ್ನೋದು ಗಮನಿಸಬೇಕಾದ ಮಾತು. ಉಳಿಸಲು ಹೋದಾಗಲೇ ಬಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಇಲ್ಲಿ ನನಗೆ ತಮಾಷೆ ಬರಲ್ಲ. ಆ ಸಾಲಿನ ಅಂಗಡಿಗಳಲ್ಲಿ ಹಳೇ ಪುಸ್ತಕ ಹುಡುಕುತ್ತಾ ನಿಂತವರು ನಾವೆಲ್ಲ. ಬಿದ್ದ ಮೇಲೆ ಕಟ್ಟಡ ಖಾಲಿ ಮಾಡಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋದು ನಮ್ಮಲ್ಲಿ ಹಳೇ ಪದ್ಧತಿ.

ಎರಡೂ ಆಗಸ್ಟ್‌ನಲ್ಲೇ ಬಿದ್ದವು, ನೋಡಿ. ದಸರಾ ತಯಾರಿ ಶುರುವಾಗುವ ತಿಂಗಳು. ಅಧಿಕಾರಿಗಳೆಲ್ಲ ವೇದಿಕೆ, ಪಾಸು, ಪೆಂಡಾಲ್ ಅಂತ ಓಡಾಡುವ ಹೊತ್ತು. ಇದಕ್ಕಿಂತ ಶಿಸ್ತಿನದು ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡ. 2022ರಲ್ಲಿ ಅಕ್ಟೋಬರ್ 5ಕ್ಕೆ ವಿಜಯದಶಮಿ ಮುಗಿಯುವವರೆಗೂ ಕಾದು, ಆನೆಗಳನ್ನು ಕಾಡಿಗೆ ಕಳಿಸಿಕೊಟ್ಟು, ಅದೇ ತಿಂಗಳು ಮಳೆ ನೆಪ ಹೇಳಿ ಕುಸಿಯಿತು. ಹಬ್ಬಕ್ಕೆ ಅಡ್ಡಿ ಮಾಡಲಿಲ್ಲ. ಸರ್ಕಾರಿ ಕಟ್ಟಡ ಅಂದ್ರೆ ಹಾಗಿರಬೇಕು.

ಸಮನ್ವಯ ಸಭೆ ಹೇಗಿರುತ್ತೆ ಅಂತ ನೋಡದವರಿಗೆ ನನ್ನ ಕಲ್ಪನೆಯದ್ದೊಂದು ತೋರಿಸುತ್ತೇನೆ. ಉದ್ದ ಮೇಜು. ಬಿಳಿ ಟರ್ಕಿ ಟವೆಲ್ ಹಾಕಿದ ಕುರ್ಚಿ. ತಟ್ಟೆಯಲ್ಲಿ ಎರಡು ಮೈಸೂರು ಬೋಂಡ, ಚಟ್ನಿ ಹರಿದು ಕಡತದ ಮೂಲೆಗೆ ತಾಗಿದೆ. ಇವತ್ತಿನ ವಿಷಯ: ಮಾರುಕಟ್ಟೆ ಗೋಡೆಯ ಬಿರುಕಿನಲ್ಲಿ ಬೆಳೆದ ಅರಳಿ ಗಿಡ.

“ಕಿತ್ತು ಹಾಕಿ ಸಾರ್, ಬೇರು ಗೋಡೆ ಸೀಳ್ತಿದೆ.”

“ಗೋಡೆ ಪಾರಂಪರಿಕ. ಮುಟ್ಟೋ ಹಾಗಿಲ್ಲ.”

“ಗೋಡೆ ಬೇಡ, ಗಿಡ ಮುಟ್ಟಿ.”

“ಗಿಡ ಅಂದ್ರೆ ಅರಣ್ಯದವರನ್ನು ಕೇಳಬೇಕು.”

“ನೆಲದಲ್ಲಿದ್ದರೆ ನಮ್ಮದು. ಇದು ಗೋಡೆ ಮೇಲಿದೆ.”

“ಅರಳಿ ಬೇರೆ. ಧಾರ್ಮಿಕ ಭಾವನೆ...”

“ನೀರು ಯಾರು ಹಾಕ್ತಿದ್ದಾರೆ? ಅಷ್ಟು ಚೆನ್ನಾಗಿ ಬೆಳೆದಿದೆ.”

ಎಲ್ಲರೂ ನೀರಿನವರ ಕಡೆ ತಿರುಗಿದರು. ಮೇಲಿನ ಪೈಪು ಸೋರುತ್ತಿದೆ ಅಂತ ಅವರು ಒಪ್ಪಿಕೊಂಡರು. ರಿಪೇರಿಗೆ ರಸ್ತೆ ಅಗೆಯಬೇಕು, ಅಗೆಯಲು ಅನುಮತಿ ಬೇಕು, ದಸರಾ ಹತ್ತಿರ ಬಂತು ಅಂತ ಅನುಮತಿ ಕೊಡಲ್ಲ. ಕೊನೆಗೆ ಸರ್ವಾನುಮತದಿಂದ ಒಂದು ನಿರ್ಣಯ ಆಯಿತು. ಗಿಡಕ್ಕೂ ಸೀರಿಯಲ್ ಸೆಟ್ ಹಾಕುವುದು.

ಈ ಊರಿಗೆ ಯೋಜನೆ ಮಾಡೋಕೆ ಬರಲ್ಲ ಅಂತ ಯಾರಾದರೂ ಅಂದರೆ ನನಗೆ ಕೋಪ ಬರುತ್ತೆ. ಪ್ಲೇಗ್ ಬಂದು ಜನ ಸತ್ತ ಮೇಲೆ, 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲಿ ಅಂಥದ್ದು ಮೊದಮೊದಲು ಮಾಡಿದ ಊರುಗಳಲ್ಲಿ ನಮ್ಮದೂ ಒಂದು. ಅಗಲವಾದ ರಸ್ತೆ, ಚರಂಡಿ, ಪಾರ್ಕು ಎಲ್ಲ ಅವರ ಪುಣ್ಯ. ನಾವು ಅದನ್ನು ಮುಂದುವರಿಸಿದ್ದೇವೆ. ಅವರದ್ದು ಒಂದು ಬೋರ್ಡು, ನಮ್ಮದು ರಸ್ತೆಗೊಂದು ಬೋರ್ಡು: “ಕಾಮಗಾರಿ ಪ್ರಗತಿಯಲ್ಲಿದೆ.”

1884ರ ರಂಗಾಚಾರ್ಲು ಪುರಭವನದ ಅಂಗಳದಲ್ಲಿ ನೆಲದಡಿ ಪಾರ್ಕಿಂಗ್ ಕಟ್ಟಲು ಶುರು ಮಾಡಿದರು. ಹತ್ತು ವರ್ಷ ದಾಟಿದರೂ ಅಲ್ಲಿ ಗಾಡಿ ನಿಲ್ಲಲಿಲ್ಲ. ನೆಲದ ಮೇಲೆ ಕಟ್ಟಡ ಬೀಳುವ ವೇಗಕ್ಕೂ ನೆಲದೊಳಗೆ ಕಟ್ಟಡ ಏಳುವ ವೇಗಕ್ಕೂ ಏನೋ ಲೆಕ್ಕಾಚಾರ ಇರಬೇಕು.

ಹಿಂದೆ ಈ ತಡಕ್ಕೆ ಒಂದು ನೆಪ ಇತ್ತು. ಪಾಲಿಕೆಯಲ್ಲಿ 65 ವಾರ್ಡು, 65 ಸದಸ್ಯರು. ಕೂಗಾಡುತ್ತಿದ್ದರು, ಮೈಕ್ ಕಿತ್ತುಕೊಳ್ಳುತ್ತಿದ್ದರು. 2023ರ ನವೆಂಬರ್‌ನಲ್ಲಿ ಅವರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಸಭಾಂಗಣ ನಿಶ್ಶಬ್ದ ಆಯಿತು. ಜಗಳ ಆಡೋರೇ ಇಲ್ಲ ಅಂದ ಮೇಲೆ ಕೆಲಸ ಜಾಸ್ತಿ ಆಗಬೇಕಿತ್ತು ತಾನೇ? ಮಾರುಕಟ್ಟೆಯ ಗೋಡೆಗೆ ಈ ವಿಷಯ ಇನ್ನೂ ತಿಳಿದಂತಿಲ್ಲ.

ಒಗ್ಗಟ್ಟು ಬಂದರೆ ಏನಾಗುತ್ತೆ ಅನ್ನೋದೂ ನಮಗೆ ಗೊತ್ತು. ದಸರಾದಲ್ಲಿ ದೇವರಾಜ ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬೀದಿ ಉತ್ಸವ ಮಾಡಿದರು. ಜನ ನಡುರಸ್ತೆಯಲ್ಲಿ ಕುಣಿದರು, ಮಕ್ಕಳು ಬಣ್ಣ ಬಳಿದುಕೊಂಡರು, ಅಂಗಡಿಯವರೂ ಬದುಕಿಕೊಂಡರು. ಮುಗಿದ ಮರುದಿನ ಅದೇ ಫುಟ್‌ಪಾತ್ ಮೇಲೆ ಬೈಕು ಹತ್ತಿದವು.

ಅದಕ್ಕೇ ನನ್ನದೊಂದು ಸಲಹೆ. ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆ ಎರಡನ್ನೂ ಆನೆ ಅಂತ ಘೋಷಿಸಿ.

ನಗಬೇಡಿ. ಇಡೀ ಜಿಲ್ಲಾಡಳಿತದಲ್ಲಿ ಯಾರದು ಅಂತ ಸ್ಪಷ್ಟವಾಗಿ ಗೊತ್ತಿರುವ ವಸ್ತು ಅಂದರೆ ಆನೆ ಒಂದೇ. ಅದು ಅರಣ್ಯ ಇಲಾಖೆಯದು. ಅದಕ್ಕೊಬ್ಬ ಮಾವುತ, ಒಬ್ಬ ಕಾವಾಡಿ. ಕಾಡಂಚಿನ ವೀರನಹೊಸಹಳ್ಳಿಯಿಂದ ಪೂಜೆ ಮಾಡಿ ಕರೆತರುತ್ತಾರೆ. ಬಂದ ಕೂಡಲೇ ತೂಕ, ವಿಮೆ, ಉದ್ದಿನಕಾಳು, ಬೆಣ್ಣೆ, ಬೆಲ್ಲ. ಕಾಲು ಸ್ವಲ್ಪ ಕುಂಟಿದರೆ ಡಾಕ್ಟರು ಓಡಿ ಬರುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ. ಅಂಬಾರಿ ಹೊರುವ ಮೊದಲು ಮರಳಿನ ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ಭಾರ ತಡೆಯುತ್ತಾ ಅಂತ ಮೊದಲೇ ಪರೀಕ್ಷೆ ಮಾಡಿ ನೋಡುವ ಪದ್ಧತಿ ನಮ್ಮಲ್ಲಿ ಉಳಿದಿರೋದು ಆನೆಗೆ ಮಾತ್ರ.

ಅನುಕೂಲ ಇನ್ನೂ ಇದೆ. ಆನೆಗಳನ್ನು ತೂಗುವುದು ಧನ್ವಂತ್ರಿ ರಸ್ತೆಯಲ್ಲಿ, ಮಾರುಕಟ್ಟೆಯ ಪಕ್ಕದಲ್ಲೇ. ಅಂಬಾರಿ ಹೊತ್ತ ಆನೆ ಅಭಿಮನ್ಯು 5 ಟನ್‌ಗೂ ಜಾಸ್ತಿ ತೂಗುತ್ತಾನೆ. ಲ್ಯಾನ್ಸ್‌ಡೌನ್ ಕಟ್ಟಡವನ್ನು ಅಲ್ಲಿಗೆ ನಡೆಸಿಕೊಂಡು ಹೋಗೋದು ಕಷ್ಟ ಅಂತ ಇಂಜಿನಿಯರುಗಳು ತಕರಾರು ತೆಗೆಯಬಹುದು. ಚಿಂತೆ ಬೇಡ. ಒಂದೇ ಸಲ ತೂಗಬೇಕು ಅಂತೇನಿಲ್ಲ, ಕಂತಿನಲ್ಲಿ ತೂಗಿದರಾಯಿತು. ಆಗಸ್ಟ್ ಬರಲಿ, ಮೊದಲ ಕಂತು ತಾನೇ ಇಳಿದು ಬರುತ್ತೆ.