ಮರಳು ಚಲಿಸುವುದೇ ಆ ಉದ್ಯಾನದ ಹೆಗ್ಗಳಿಕೆ

ಪೋಲೆಂಡಿನ ಸ್ವೊವಿನ್ಸ್ಕಿ ರಾಷ್ಟ್ರೀಯ ಉದ್ಯಾನದ ಒಂದು ದಿನದ ಪ್ರವಾಸವನ್ನು ಪ್ರವಾಸ ಲೇಖನವೊಂದರಲ್ಲಿ ಅದರ ಲೇಖಕರು ಸೊಗಸಾಗಿ ವರ್ಣಿಸಿದ್ದಾರೆ; ಆದರೆ ಮರಳಿನಡಿ ಸಾಯುತ್ತಿರುವ ಪೈನ್ ಮರಗಳನ್ನು ಕಂಡು, 'ಗಿಡ ನೆಟ್ಟು ದಿಬ್ಬಗಳನ್ನು ತಡೆಯದ ಆಡಳಿತದ ನಿರ್ಲಕ್ಷ್ಯ' ಎಂದು ಬರೆದಿರುವುದನ್ನು ಒಪ್ಪಲಾಗದು. ಬಾಲ್ಟಿಕ್ ಸಮುದ್ರದ ಗಾಳಿಗೆ ವರ್ಷಕ್ಕೆ ಹಲವು ಮೀಟರ್ ಪೂರ್ವಕ್ಕೆ ಸರಿಯುವ ಈ ದಿಬ್ಬಗಳ ಚಲನೆಯೇ ಅಲ್ಲಿ ರಕ್ಷಣೆ ಪಡೆದಿರುವ ಮುಖ್ಯ ಸಂಗತಿ. 1967ರಲ್ಲಿ ಉದ್ಯಾನ ಸ್ಥಾಪನೆಯಾಗಿ, 1977ರಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿದ್ದರಲ್ಲಿ ಈ ಮರಳಿಗೂ ದೊಡ್ಡ ಪಾಲಿದೆ. ದಿಬ್ಬ ಮುಂದೆ ಸಾಗಿದ ಮೇಲೆ ಹಿಂದೆ ಬಯಲಾಗುವ ಒಣ ಬೊಡ್ಡೆಗಳು ಹಿಂದೊಮ್ಮೆ ಅಲ್ಲಿದ್ದ ಕಾಡಿನ ಗುರುತುಗಳೇ ಹೊರತು ಯಾರದೋ ಬೇಜವಾಬ್ದಾರಿಯ ಸಾಕ್ಷಿಯಲ್ಲ. ಊರನ್ನು ಉಳಿಸಿಕೊಳ್ಳಲು ಹಿಂದಿನವರು ಹುಲ್ಲು, ಪೈನ್ ನೆಟ್ಟದ್ದು ನಿಜ, ಅದಕ್ಕೆ ಕಾರಣವೂ ಇತ್ತು: ಬಿರುಗಾಳಿ ಮತ್ತು ಮರಳಿನ ಕಾಟಕ್ಕೆ 16ನೇ ಶತಮಾನದಲ್ಲಿ ಉದ್ಯಾನದ ಪಕ್ಕದ ವೆಬಾ ಪಟ್ಟಣವೇ ಸ್ಥಳಾಂತರಗೊಂಡಿತು, ಹಳೆಯ ಚರ್ಚಿನ ಗೋಡೆಯ ತುಂಡೊಂದು ಇಂದಿಗೂ ಮೊದಲಿನ ಜಾಗದಲ್ಲಿದೆ. (ತಲಕಾಡು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ಲಿನದು ಕಾವೇರಿಯ ಮರಳು ಎಂಬುದಷ್ಟೇ ವ್ಯತ್ಯಾಸ.)

ಇನ್ನು, 'ಬ್ಯಾಟರಿ ಗಾಡಿಯಲ್ಲಿ ಹೋಗಿ ದಿಬ್ಬ ಹತ್ತಿ ಬಂದರೆ ಅರ್ಧ ದಿನ ಸಾಕು' ಎಂಬ ಲೇಖಕರ ಸಲಹೆ ಅದೇ ಉದ್ಯಾನದ ವೆಬ್ಸ್ಕೊ ಸರೋವರಕ್ಕೆ ಮಾಡಿದ ಅನ್ಯಾಯ. ಹಿಂದೆ ಸಮುದ್ರದ ಕೊಲ್ಲಿಯಾಗಿದ್ದು, ಮರಳಿನ ಪಟ್ಟಿಯೊಂದು ಅಡ್ಡ ಬೆಳೆದು ಬೇರ್ಪಟ್ಟ, ಸುಮಾರು 71 ಚದರ ಕಿಲೋಮೀಟರಿನ ಈ ಆಳವಿಲ್ಲದ ಸರೋವರದ ದಡದಲ್ಲಿ ಹಕ್ಕಿಗಳನ್ನು ನೋಡುತ್ತ ನಡೆದರೆ ಉಳಿದರ್ಧ ದಿನವೂ ಸಾಲದು.