ಹಾಜರಿಗೆ ಹಾಕಿದ ಸಹಿ ಒಪ್ಪಿಗೆ ಆಗಿದ್ದು ಹೇಗೆ?

ಹೊಟ್ಟೆ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದೇ ಇದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ನಮ್ಮದು ಸಾಗರದ ಕಡೆ ಒಂದು ಸಣ್ಣ ಊರು. ಮನೆ ಹಿಂದೆಯೇ ಗುಡ್ಡ. ಮೊನ್ನೆ ಬೆಳಿಗ್ಗೆ ಅಲ್ಲಿಂದ ಜೆಸಿಬಿ ಸದ್ದು ಕೇಳಿತು. ಹೋಗಿ ನೋಡಿದರೆ ಸಾಲು ಸಾಲು ಗುಂಡಿ. ನಾಲ್ಕಾಳು ಎತ್ತರದ ಮುರುಗಲು ಮರ ಬುಡಸಮೇತ ಮಗುಚಿ ಬಿದ್ದಿತ್ತು, ಬೇರಿನ ಮಣ್ಣು ಇನ್ನೂ ಹಸಿ. ಅಲ್ಲಿದ್ದ ಅರಣ್ಯ ಇಲಾಖೆಯವರನ್ನು ಯಾಕೆ ಸ್ವಾಮಿ ಇದು ಎಂದು ಕೇಳಿದರೆ, 'ನೆಡುತೋಪು ಮಾಡ್ತಾ ಇದೀವಿ, ನೀವೇ ಒಪ್ಪಿದ್ದೀರಲ್ಲ, ಸಹಿ ಇದೆ' ಎಂಬ ಉತ್ತರ ಬಂತು.

ಯಾವ ಸಹಿ? ಯೋಚನೆ ಮಾಡಿದ ಮೇಲೆ ನೆನಪಾಯಿತು. ಜನವರಿಯಲ್ಲಿ ಶಾಲೆಯ ಜಗಲಿ ಮೇಲೆ ಗ್ರಾಮ ಅರಣ್ಯ ಸಮಿತಿಯ ಒಂದು ಸಭೆ ಆಗಿತ್ತು. ಅಡಿಕೆ ಕೊಯ್ಲಿನ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಅಡಿಕೆ ಗೊನೆ ತೆಗೆಯುವವರು ತೋಟದಲ್ಲಿ, ಅಡಿಕೆ ಸುಲಿಯುವವರು ಅಂಗಳದಲ್ಲಿ. ಆ ಹೊತ್ತಿಗೆ ಯಾರು ಬರುತ್ತಾರೆ ಹೇಳಿ? ನೋಟಿಸ್ ಅಂಟಿಸಿದ್ದು ಹಿಂದಿನ ದಿನ ಸಂಜೆ, ಹಾಲಿನ ಡೇರಿ ಗೋಡೆಗೆ. ಆದರೂ ಹದಿನೈದು ಇಪ್ಪತ್ತು ಜನ ಹೋದೆವು. ಕೂರುವ ಮೊದಲೇ ಉದ್ದದ ಪುಸ್ತಕ ಬಂತು, ಹೆಸರು ಬರೆದು ಸಹಿ ಮಾಡಿ ಎಂದರು. ಮಾಡಿದೆವು. ಹಾಜರಿ ಅಂತಲೇ ಮಾಡಿದ್ದು.

ಆಮೇಲೆ ಯೋಜನೆ ಓದಿದರು. ಅರ್ಧ ಇಂಗ್ಲಿಷ್, ಅರ್ಧ ಕಚೇರಿ ಕನ್ನಡ. 'ವೇಗವಾಗಿ ಬೆಳೆಯುವ ಜಾತಿಗಳು' ಎಂದಷ್ಟೇ ಇತ್ತು, ಗಿಡದ ಹೆಸರಿಲ್ಲ. ಪಕ್ಕದ ಮನೆ ಅಜ್ಜಿ ಎದ್ದು ನಿಂತು, 'ಸಾಹೇಬ್ರೆ, ಆ ಗಿಡದ ಸೊಪ್ಪು ದನ ತಿಂತದಾ?' ಎಂದು ಕೇಳಿದರು. 'ಪ್ರಶ್ನೆ ಎಲ್ಲ ಕೊನೆಗೆ ಅಜ್ಜಿ' ಎಂದರು. ಆ ಕೊನೆ ಬರಲೇ ಇಲ್ಲ. ಚಹಾ ಬಂತು, ಜೀಪ್ ಹೊರಟಿತು.

ಇಡೀ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ! ನಮ್ಮ ಕೊಟ್ಟಿಗೆಗೆ ಸೊಪ್ಪು, ದರಗು (ಒಣಗಿದ ಎಲೆ) ಬರುವುದು ಆ ಗುಡ್ಡದಿಂದ. ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಮತ್ತಿ, ನಂದಿ, ನೇರಳೆ, ಹಲಸು ಎಲ್ಲ ಇರುವ ಗುಡ್ಡ ಅದು. ವೇಗವಾಗಿ ಬೆಳೆಯುವ ಜಾತಿ ಅಂದರೆ ನಮಗೆ ಮೊದಲು ನೆನಪಾಗುವುದು ಅಕೇಶಿಯಾ. ಅದರ ತೋಪಿನೊಳಗೆ ಒಂದು ಸಲ ಕಾಲಿಟ್ಟು ನೋಡಿ. ಕೆಳಗೆ ದಪ್ಪಗೆ ಎಲೆ ಹಾಸಿರುತ್ತದೆ, ಬೇಗ ಕೊಳೆಯುವುದಿಲ್ಲ. ಅದರಡಿ ಹುಲ್ಲು ಏಳುವುದೇ ಕಷ್ಟ. ಬೇಸಿಗೆಯಲ್ಲಿ ಬೀಡಿ ತುಂಡು ಬಿದ್ದರೂ ಸಾಕು, ಧಗ್ ಅಂತ ಹತ್ತಿಕೊಳ್ಳುತ್ತದೆ. 2017ರಲ್ಲಿ ಸರ್ಕಾರವೇ ನೀಲಗಿರಿ, ಅಕೇಶಿಯಾ ಹೊಸದಾಗಿ ಬೆಳೆಸಬಾರದು ಎಂದಿತ್ತು. ಹಾಗಾದರೆ ಈ ಗುಂಡಿಗೆ ಬರುವುದು ಯಾವ ಗಿಡ? ಇವತ್ತಿಗೂ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ಗಣಿಗೋ ದೊಡ್ಡ ಅಣೆಕಟ್ಟಿಗೋ ಆದರೆ 2006ರ ಪರಿಸರ ಅಧಿಸೂಚನೆ ಇದೆ. ಜನರ ಅಹವಾಲು ಕೇಳುವ ಸಭೆಯನ್ನು 30 ದಿನ ಮೊದಲೇ ತಿಳಿಸಬೇಕು, ಪರಿಸರದ ಮೇಲಿನ ಪರಿಣಾಮದ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಸಭೆಯ ವಿಡಿಯೋ ಆಗಬೇಕು. ಅಲ್ಲಿಯೂ ಎಲ್ಲ ಸರಿಯಾಗಿ ನಡೆಯುತ್ತದೆ ಅಂತಲ್ಲ. ಆದರೆ ಕೋರ್ಟಿಗೆ ಹೋಗೋಕೆ ಒಂದು ಕಾಗದವಾದರೂ ಇರುತ್ತದೆ. ನೆಡುತೋಪು ಆ ಪಟ್ಟಿಯಲ್ಲೇ ಇಲ್ಲ. ಗಿಡ ನೆಡುವುದರಿಂದ ಏನು ಹಾಳಾಗುತ್ತದೆ ಅಂದುಕೊಂಡಿರಬೇಕು. ಹಾಗಾಗಿ ನಮ್ಮ ಪಾಲಿಗೆ ಇದ್ದಿದ್ದು ಗ್ರಾಮ ಅರಣ್ಯ ಸಮಿತಿಯ ಆ ಒಂದು ಸಭೆ. ಊರಿನವರ ಜೊತೆ ಕೂತು, ಊರಿಗೆ ಏನು ಬೇಕು ಅಂತ ಕೇಳಿ ಸೂಕ್ಷ್ಮ ಯೋಜನೆ, ಅಂದರೆ ಆ ಊರಿನ ಕಾಡಿಗಷ್ಟೇ ಆಗುವ ಯೋಜನೆ ಮಾಡಬೇಕು. ಸಮಿತಿ ಇರುವುದೇ ಅದಕ್ಕಲ್ವಾ?

ಜನರನ್ನು ಕೇಳದೆ ನೆಟ್ಟರೆ ಏನಾಗುತ್ತದೆ ಅಂತ ಈ ರಾಜ್ಯ ನೋಡಿಲ್ಲವೇ? 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೊ ಹಚ್ಚಿಕೊ' ಅಂತ ಸತ್ಯಾಗ್ರಹ ಮಾಡಿದರು. ಊರವರ ದನ ಮೇಯುವ, ಸೌದೆ ತರುವ ಜಾಗವನ್ನು ಕಾಗದದ ಗಿರಣಿಗೆ ಬೇಕಾದ ಮರ ಬೆಳೆಸೋಕೆ ಒಂದು ಕಂಪನಿಗೆ ಕೊಟ್ಟಿದ್ದರು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು, ಅಂದರೆ ನೆಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಅದಾಗಿ ಮೂವತ್ತು ವರ್ಷದ ಮೇಲಾಯಿತು. ಇವತ್ತಿಗೂ ಡೇರಿ ಗೋಡೆಗೆ ಹಿಂದಿನ ದಿನ ನೋಟಿಸ್!

ನಾವು ಗಿಡ ನೆಡಬೇಡಿ ಅನ್ನುತ್ತಿಲ್ಲ. ಮುರುಗಲು, ಉಪ್ಪಾಗೆ, ಹೊನ್ನೆ ತನ್ನಿ, ಊರಿನವರೇ ಗುಂಡಿ ತೋಡಿ ನೆಟ್ಟು ಕಾಯುತ್ತೇವೆ. ಸಭೆಯಲ್ಲಿ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆವು. ಅಜ್ಜಿಗೆ ಯಾವ ಮರ ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ, ಯಾವ ಸೊಪ್ಪನ್ನು ದನ ಮುಟ್ಟುವುದಿಲ್ಲ, ಎಲ್ಲ ಗೊತ್ತು. ಅವರನ್ನು ಕೂರಿಸಿಬಿಟ್ಟರಲ್ಲ, ಅದೇ ನನಗೆ ಜಾಸ್ತಿ ಸಿಟ್ಟು.

ಮಳೆ ಹಿಡಿದರೆ ಗುಂಡಿಗೆ ಸಸಿ ಬಂದುಬಿಡುತ್ತದೆ. ಆ ಹಾಜರಿ ಪುಸ್ತಕದ ಪ್ರತಿ ಕೊಡಿ, ಸಹಿಗಳ ಮೇಲೆ ಏನು ಬರೆದುಕೊಂಡಿದ್ದೀರಿ ತೋರಿಸಿ ಅಂತ ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಾ ಕೂತಿದ್ದೇನೆ. 150 ಪದ ಮೀರಬಾರದಂತೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಂದಾಗಿದೆ. ನಾಳೆ ಮೊದಲ ಬಸ್ಸಿಗೆ ಹೋಗಿ ಕೊಟ್ಟು ಬರುತ್ತೇನೆ. ಅಜ್ಜಿಯೂ ಬರುತ್ತಾರಂತೆ.